ನಾಡಿದ್ದಿನ ಪಟ್ಟಿಯ ಭರಮಣ್ಣ

ಭರಮಣ್ಣನನ್ನು ಮೊದಲ ಸಲ ಕಂಡಾಗ ಅವನು ಯಾರನ್ನೋ ಕೊಲ್ಲಲು ಹೊರಟಿದ್ದಾನೆ ಎಂದೇ ನಾನು ತಿಳಿದಿದ್ದೆ.

1976ರ ಮಳೆಗಾಲ ಮುಗಿಯುತ್ತ ಬಂದಿತ್ತು. ಬೆಳಗಾವಿಯಿಂದ ಪ್ಯಾಸೆಂಜರ್ ಗಾಡಿ ಹಿಡಿದು ಖಾನಾಪುರದ ಒಂದು ಹಂಚಿನ ಕಾರ್ಖಾನೆಗೆ ಹೋಗಿದ್ದೆ. ಸುಮ್ಮನೆ ಹೋದವನಲ್ಲ, ರವಿವಾರ ಕ್ರಿಕೆಟ್ ಮಂಡಳದ ಕಾರ್ಯದರ್ಶಿಯಾಗಿ ಹೋದವನು. ನಮ್ಮ ಪೆವಿಲಿಯನ್ನಿಗೆ ಹೊಸ ಮಾಡು ಬೇಕಿತ್ತು. ಪೆವಿಲಿಯನ್ ಎಂಬ ಹೆಸರು ಇದ್ದದ್ದು ನಮ್ಮ ಲೆಟರ್‌ಹೆಡ್ಡಿನಲ್ಲಿ. ಕ್ಯಾಂಪಿನ ಮೈದಾನದಲ್ಲಿ ಇದ್ದದ್ದು ನಾಲ್ಕು ಕಂಬ. ಮೇಲಿದ್ದ ತಗಡುಗಳನ್ನು ಆಷಾಢದ ಗಾಳಿ ಎತ್ತಿಕೊಂಡು ಹೋಗಿತ್ತು.

ಕಾರ್ಖಾನೆಯ ಗೇಟಿನೊಳಗೆ ಕಾಲಿಟ್ಟರೆ, ಲಾರಿಯ ಮೇಲೆ ನಿಂತಿದ್ದ ಒಬ್ಬನ ಎದೆಗೆ ಗುರಿಯಿಟ್ಟು ಕೆಳಗಿನವನೊಬ್ಬ ಎರಡೆರಡು ಹಂಚು ಬೀಸಿ ಒಗೆಯುತ್ತಿದ್ದಾನೆ! ಕಾರ್ಯದರ್ಶಿಯಾದವನು ಸುಮ್ಮನಿರಲಾದೀತೆ? ಕೊಡೆ ಎತ್ತಿಕೊಂಡು ನಡುವೆ ನುಗ್ಗಿದೆ.

"ಏ, ಏ! ಬಿಡ್ರೋ! ಜಗಳಾ ಬಿಡ್ರೋ!"

ಕೆಳಗಿನವನು ಹಂಚು ಹಿಡಿದುಕೊಂಡೇ ನಿಂತ. ಮೇಲಿನವನು ಬಗ್ಗಿ ನೋಡಿದ. "ಯಾರ ಜಗಳಾರೀ ಸಾಹೇಬ್ರ?"

"ನಿಮ್ದ! ಅವಾ ನಿನಗ ಹಂಚಲೆ ಹೊಡ್ಯಾಕತ್ತಾನಲ್ಲ!"

ಮೇಲಿನವನು ನಗುತ್ತ ಹಂಚಿನ ಮೇಲೆಯೇ ಕುಳಿತುಬಿಟ್ಟ. "ತಮ್ಮಾ, ಕೇಳಿದಿ ಏನು? ನೀ ನನಗ ಹೊಡ್ಯಾಕತ್ತೀಯಂತ. ತಡಿ, ಮನ್ಯಾಗ ಅವ್ವಗ ಹೇಳ್ತೇನಿ."

ತಮ್ಮ ನಗಲಿಲ್ಲ. "ಬಾಜೂಕ ಸರೀರಿ. ಲಾರಿ ತುಂಬೂದೈತಿ" ಎಂದ.

ಅವನೇ ಭರಮಣ್ಣ. ಲಾರಿಯ ಮೇಲಿದ್ದವನು ಅವನ ಅಣ್ಣ ಬೀರಣ್ಣ. ಲಾರಿ ತುಂಬುವ ಪದ್ಧತಿಯೇ ಅದು: ಕೆಳಗಿನವನು ಒಗೆಯಬೇಕು, ಮೇಲಿನವನು ಹಿಡಿದು ಜೋಡಿಸಬೇಕು. ಭರಮಣ್ಣ ಹದಿನಾಲ್ಕರ ಪೋರನಾಗಿದ್ದಾಗಿನಿಂದ ಹನ್ನೊಂದು ವರ್ಷ ಇವರಿಬ್ಬರೇ ಜೋಡಿ. ಬಾಜೂಕ ಸರಿದು ನಿಂತು ನೋಡಿದೆ. ಬೀರಣ್ಣ ಹಂಚಿನ ಕಡೆ ನೋಡುತ್ತಲೇ ಇರಲಿಲ್ಲ. ಡ್ರೈವರನ ಜೊತೆ ಮಾತಾಡುತ್ತ, ನನ್ನ ಕೊಡೆಯನ್ನು ಗೇಲಿ ಮಾಡುತ್ತ, ಕೈ ಮಾತ್ರ ಮುಂದೆ ಚಾಚುತ್ತಿದ್ದ. ಹಂಚು ಬಂದು ಅದರಲ್ಲಿ ಕೂರುತ್ತಿತ್ತು. ಒಗೆದಂತೆ ಅಲ್ಲ, ಯಾರೋ ಮೆಲ್ಲಗೆ ತಂದು ಇಟ್ಟಂತೆ. ಅರ್ಧ ತಾಸಿನಲ್ಲಿ ಒಂದು ಹಂಚಿನ ಮೂಲೆಯೂ ಮುಕ್ಕಾಗಲಿಲ್ಲ.

ನಾನು ಹಂಚಿನ ಮಾತು ಮರೆತೆ. ಆ ತೋಳಿನಲ್ಲಿ ನನ್ನ ಕಣ್ಣಿಗೆ ಬೌಲರ್ ಕಂಡಿದ್ದ.

ನಮಗೆ ಬೌಲರ್‌ಗಳ ಬರವಿತ್ತು ಎಂದು ಹೇಳಿದರೆ ನಮ್ಮ ದಫ್ತರು ಒಪ್ಪುವುದಿಲ್ಲ. ಪ್ರತಿ ವರ್ಷ ಗಣೇಶನ ಹಬ್ಬ ಮುಗಿದು ದಸರೆಯ ನಂತರದ ಆಟ ಶುರುವಾಗುವ ಮುಂಚೆ, ಹೊರಗೆ ಮಳೆ ಹೊಡೆಯುತ್ತಿರುವಾಗ, ನಾವು ಸಭೆ ಸೇರುತ್ತಿದ್ದೆವು. ಮೈದಾನದಲ್ಲಿ ಮೊಣಕಾಲುದ್ದ ಕೆಸರು. ಯಾರೂ ಒಂದು ಚೆಂಡು ಹಾಕಿ ತೋರಿಸುವ ಹಾಗಿಲ್ಲ. ಆದ್ದರಿಂದ ಆ ಸಭೆಯಲ್ಲಿ ನಮ್ಮ ಮಂಡಳದಷ್ಟು ಬಲಿಷ್ಠ ತಂಡ ಇನ್ನೊಂದಿರಲಿಲ್ಲ. ಅಧ್ಯಕ್ಷರು ಗುರುಪಾದಪ್ಪನವರು, ಅರಿವೆ ವ್ಯಾಪಾರಿಗಳು. ಅವರ ಪ್ರಶ್ನೆ ವರ್ಷ ವರ್ಷವೂ ಒಂದೇ: "ಸೆಕ್ರೆಟರೀ, ಬೌಲರ್ ಸ್ಟಾಕ್ ಎಷ್ಟೈತಿ?"

ನಾನು ಎದ್ದು ನಿಂತು ಓದುತ್ತಿದ್ದೆ. ಮೂರು ಪಟ್ಟಿ ಮಾಡಿದ್ದೆ: ಇಂದಿನವರು, ನಾಳಿನವರು, ನಾಡಿದ್ದಿನವರು. ಇಂದಿನವರು ಈಗ ಆಡತಕ್ಕವರು. ಅವರ ಭುಜ ಹಿಡಿದುಕೊಂಡರೆ ನಾಳಿನವರು. ನಾಡಿದ್ದಿನವರು ಎಂದರೆ ಮುಂದೆಂದೋ ಹಣ್ಣಾಗಬಹುದಾದ ಕಾಯಿಗಳು. ಒಟ್ಟು ಹದಿನಾಲ್ಕು ಮಂದಿ. ಇವರಲ್ಲಿ ಚೆಂಡನ್ನು ಮ್ಯಾಟಿನ ಮೇಲೆಯೇ ಬೀಳಿಸಬಲ್ಲವರು ಮೂವರು ಎಂಬುದನ್ನು ನಾನು ಓದುತ್ತಿರಲಿಲ್ಲ. ಆ ವರ್ಷ ಹದಿನೈದನೆಯ ಹೆಸರು ಬರೆದೆ: ಭರಮಣ್ಣ, ಖಾನಾಪುರ, ನಾಡಿದ್ದು.

ಅವನು ಪ್ರತಿ ರವಿವಾರ ಮುಂಜಾನೆಯ ಗಾಡಿಗೆ ಬರತೊಡಗಿದ. ಜೊತೆಗೆ ಭಾಕ್ರಿಯ ಗಂಟು ಹಿಡಿದುಕೊಂಡು ಬೀರಣ್ಣ. ಹಂಚು ಕೆಳಗಿನಿಂದ ಮೇಲಕ್ಕೆ ಒಗೆಯುವಂಥದ್ದು, ಚೆಂಡು ಮೇಲಿನಿಂದ ಕೆಳಕ್ಕೆ. ಅದನ್ನು ಭರಮಣ್ಣ ಒಂದು ತಿಂಗಳಲ್ಲಿ ಕಲಿತ. ಗುರಿಯೋ, ನೂಲು ಹಿಡಿದಂತೆ. ಆದರೆ ಒಂದು ವಿಚಿತ್ರವಾಯಿತು. ಅವನು ಹಾಕಿದ ಪ್ರತಿ ಚೆಂಡೂ ನೇರ ಹೋಗಿ ಎದುರಿನವನ ಬ್ಯಾಟಿನ ನಟ್ಟನಡುವೆ ಕೂರುತ್ತಿತ್ತು. ಜನ್ಮದಲ್ಲಿ ಚೆಂಡು ತಾಗಿಸದವರೆಲ್ಲ ಭರಮಣ್ಣನೆದುರು ಬೌಂಡರಿ ಹೊಡೆದರು. ಅಧ್ಯಕ್ಷರ ಅಳಿಯನಂತೂ ತಾನು ರಾಜ್ಯದ ತಂಡಕ್ಕೆ ಅರ್ಜಿ ಹಾಕುವುದಾಗಿ ಹೇಳತೊಡಗಿದ.

ಬೀರಣ್ಣ ನೆಟ್ಟಿನ ಹೊರಗೆ ಕುಳಿತು ಕೂಗುತ್ತಿದ್ದ: "ತಮ್ಮಾ, ಲಾರಿ ತುಂಬಾಕತ್ತಿ ಏನೋ!"

ನಮ್ಮ ಕ್ಯಾಪ್ಟನ್ ಹಿದಾಯತುಲ್ಲಾ, ಗ್ಯಾರೇಜು ನಡೆಸುವವನು, ಸ್ವತಃ ಸ್ಪಿನ್ ಹಾಕುವವನು, ನನ್ನ ಬಳಿ ಬಂದು ತಲೆ ಚಚ್ಚಿಕೊಂಡ. "ಸೆಕ್ರೆಟರಿ ಸಾಬ್, ಇವಾ ಬೌಲರ್ ಅಲ್ಲ. ಪಂಕ್ತಿಯೊಳಗ ಬಡಸಾಂವ."

ನಾನು ಭರಮಣ್ಣನನ್ನು ಕರೆದು ಕೇಳಿದೆ. "ಯಾಕೋ, ಬ್ಯಾಟ್ ಹುಡಿಕ್ಯಾಡಿ ಹುಡಿಕ್ಯಾಡಿ ಹಾಕ್ತೀಯಲ್ಲ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎದುರಿನಾಂವಗ ತ್ರಾಸ ಆಗದಂಗ ಒಗೀಬೇಕಲ್ರಿ?"

ಮೂರು ವರ್ಷ ಅವನು ನಾಡಿದ್ದಿನ ಪಟ್ಟಿಯಲ್ಲೇ ಉಳಿದ. ನಾನು ಹೆಸರು ಹೊಡೆದುಹಾಕಲಿಲ್ಲ; ನೆಟ್ಟಿನಲ್ಲಿ ಅವನಿಂದ ಎಲ್ಲರ ಬ್ಯಾಟಿಂಗೂ ಸುಧಾರಿಸುತ್ತಿತ್ತು, ಪಟ್ಟಿಯೂ ಉದ್ದವಾಗಿ ಕಾಣುತ್ತಿತ್ತು. ಅವನೂ ಬರುವುದು ಬಿಡಲಿಲ್ಲ. ಒಂದೇ ಒಂದು ಖರೇ ಮ್ಯಾಚು ಆಡಬೇಕು, ಅಣ್ಣ ಕುಳಿತು ನೋಡಬೇಕು. ಅವನ ಆಸೆ ಅಷ್ಟೇ. ಅವನು ಅದನ್ನು ಬಾಯಿಬಿಟ್ಟು ಹೇಳಿದವನಲ್ಲ. ಹೇಳಿದವನು ಬೀರಣ್ಣ: "ಒಂದ್ ಮ್ಯಾಚ್ ಕೊಡ್ರಿ ಸಾಹೇಬ್ರ, ಆಮ್ಯಾಲ ನಿಮಗ ತ್ರಾಸ ಕೊಡಂಗಿಲ್ಲ."

1978ರಲ್ಲಿ ಹಿದಾಯತುಲ್ಲಾ ಕಡೆಯದೊಂದು ಪ್ರಯತ್ನ ಮಾಡಿದ. ಭರಮಣ್ಣನ ಮಣಿಕಟ್ಟು ಹಿಡಿದು ತಿರುವಿ ತೋರಿಸಿದ. "ಚೆಂಡ ಬಿಡೂ ಮುಂದ ಹಿಂಗ ಮಾಡು. ಆಗ ಅದು ಬ್ಯಾಟಿಗೆ ಹೋದಂಗ ಮಾಡಿ ಬಾಜೂಕ ಹೋಗ್ತೈತಿ."

ಭರಮಣ್ಣ ಕೈ ಹಿಂದೆಗೆದುಕೊಂಡ. "ಹಂಚ ಒಗಿಯೂ ಮುಂದ ಮಣಿಕಟ್ಟ ಸತ್ತಿರಬೇಕ್ರಿ. ಹಂಗ ಅಲುಗಿದ್ರ ಹಂಚ ಗಾಳ್ಯಾಗ ಹೊಳ್ಳತಾವ."

"ಇದು ಹಂಚಲ್ಲ ಭಾಯ್. ಮಣಿಕಟ್ಟಿಗೆ ಜೀವಾ ತರಸು."

ಆ ಮಾತನ್ನು ನಾನು ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಅಣ್ಣನ ಕೈಗೆ ತ್ರಾಸವಾಗದಂತೆ ಹದಿಮೂರು ವರ್ಷ ಕಷ್ಟಪಟ್ಟು ಸಾಯಿಸಿಟ್ಟ ಮಣಿಕಟ್ಟಿಗೆ ಜೀವ ಬರಿಸುವುದು ನನ್ನ ಕಾರ್ಯಕಾಲದ ಸಾಧನೆಯಾಗಬೇಕೆಂದು ಹಟ ತೊಟ್ಟೆ. ತಿಂಗಳಿಗೊಂದು ಪತ್ರ ಬರೆದೆ. 'ತಮ್ಮ ಮಣಿಕಟ್ಟಿನ ಪ್ರಗತಿಯನ್ನು ಮಂಡಳವು ಗಂಭೀರವಾಗಿ ಗಮನಿಸುತ್ತಿದೆ' ಎಂದು ಒಂದರಲ್ಲಿ ಬರೆದಿದ್ದು ನೆನಪಿದೆ. ಸಹಿಯ ಕೆಳಗೆ ಮಂಡಳದ ಸಿಕ್ಕೆಯ ಮುದ್ರೆ ಬೇರೆ. ಭರಮಣ್ಣ ಗಾಡಿಯಲ್ಲಿ ಬರುವಾಗ, ಹೋಗುವಾಗ, ಹಸಿಮಣ್ಣಿನ ಉಂಡೆ ಹಿಡಿದು ಮಣಿಕಟ್ಟು ತಿರುವುತ್ತ ಕೂರುತ್ತಿದ್ದನಂತೆ. ಊಟಕ್ಕೆ ಕುಳಿತಾಗಲೂ ಕೈ ತಾನೇ ತಿರುಗುತ್ತಿತ್ತು ಎಂದು ಆಮೇಲೆ ಕೇಳಿದೆ.

1979ರ ದಸರೆ ಮುಗಿದ ಮೊದಲ ರವಿವಾರ ಚೆಂಡು ತಿರುಗಿತು.

ಬ್ಯಾಟಿನ ನಡುವಿಗೇ ಬಂದು ಕೂರುವಂತೆ ಹೊರಟದ್ದು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಬಾಜೂಕ ಸರಿಯಿತು. ಅಧ್ಯಕ್ಷರ ಅಳಿಯ ಒಂದರ ಹಿಂದೊಂದು ಮೂರು ಸಲ ಬೋಲ್ಡಾಗಿ, ಮ್ಯಾಟಿನ ಕೆಳಗೆ ಕಲ್ಲಿದೆಯೇ ಎಂದು ಎತ್ತಿ ನೋಡಿದ. ಹಿದಾಯತುಲ್ಲಾ ಟೊಪ್ಪಿಗೆ ಮೇಲಕ್ಕೆ ತೂರಿದ. ಬೀರಣ್ಣ ಒಳಗೆ ಓಡಿಬಂದು ತಮ್ಮನನ್ನು ಎತ್ತಿಕೊಂಡೇಬಿಟ್ಟ.

ಎರಡು ವಾರ ಬಿಟ್ಟು ಧಾರವಾಡದ ತಂಡದ ಜೊತೆ ಮ್ಯಾಚಿತ್ತು. ಕಾರ್ಡು ಬರೆದೆ: 'ತಮ್ಮನ್ನು ಇಂದಿನವರ ಪಟ್ಟಿಗೆ ಏರಿಸಲಾಗಿದೆ. ಬರುವ ರವಿವಾರ ಎಂಟಕ್ಕೆ ಹಾಜರಿರತಕ್ಕದ್ದು. ಬಿಳಿ ಪ್ಯಾಂಟು ಕಡ್ಡಾಯ.'

ಆ ರವಿವಾರ ಭರಮಣ್ಣ ಬರಲಿಲ್ಲ. ಎಂಟರ ಗಾಡಿಯಿಂದ ಇಳಿಯಲಿಲ್ಲ, ಮುಂದಿನದರಿಂದಲೂ ಇಲ್ಲ. ನಾವು ಸೋತೆವು. ಸೋತದ್ದಕ್ಕಿಂತ ನನ್ನನ್ನು ಸುಟ್ಟದ್ದು ನನ್ನ ಕಾರ್ಡಿಗಾದ ಅವಮಾನ. ಅವನ ಹೆಸರಿನ ಮೇಲೆ ಅಡಿಪಟ್ಟಿ ಇಟ್ಟು ಕೆಂಪು ಶಾಯಿಯ ಗೆರೆ ಎಳೆದೆ. ಏಳು ದಿನದೊಳಗೆ ಕಾರಣ ತಿಳಿಸುವಂತೆ ನೋಟೀಸು ಕಳಿಸಿದೆ. ಉತ್ತರವಿಲ್ಲ. ಎರಡನೆಯ ನೋಟೀಸನ್ನು ನಾನೇ ಜೇಬಿನಲ್ಲಿಟ್ಟುಕೊಂಡು ಮೂರನೆಯ ರವಿವಾರ ಖಾನಾಪುರಕ್ಕೆ ಹೊರಟೆ. ಮುಖದ ಮೇಲೆ ಓದಿ ಹೇಳುವುದೆಂದು ಗಾಡಿಯಲ್ಲಿ ಎರಡು ಸಲ ಓದಿಯೂ ನೋಡಿಕೊಂಡೆ.

ಬಾಗಿಲಲ್ಲಿ ಬೀರಣ್ಣನ ಹೆಂಡತಿ ಸಾತವ್ವ ನಿಂತಿದ್ದಳು. "ಬರ್ರಿ ಸಾಹೇಬ್ರ, ಕುಂದರ್ರಿ" ಎಂದು ಚಾಪೆ ಹಾಸಿದಳು.

ಒಳಗೆ ಗೋಡೆಗೊರಗಿ ಬೀರಣ್ಣ ಕುಳಿತಿದ್ದ. ಬಲಗೈಗೆ ದಪ್ಪನೆಯ ಪಟ್ಟಿ. ಆಸ್ಪತ್ರೆಯ ಪಟ್ಟಿಯ ಮೇಲೆ ಇನ್ನೊಂದು ಬಿಳಿ ಅರಿವೆ ಸುತ್ತಿತ್ತು. ಅದರ ಅಂಚಿಗೆ ಹೊಸ ಹೊಲಿಗೆ, ಒಂದು ಗುಂಡಿಯ ಕಾಜು. ನಾನು ಅದನ್ನೇ ನೋಡುತ್ತಿದ್ದುದನ್ನು ಸಾತವ್ವ ಕಂಡಳು.

"ಭರಮಗ ಪ್ಯಾಂಟ್ ಹೊಲಿಸಿದ್ರಿ, ನಿಮ್ಮ ಕಾರ್ಡ್ ಬಂದ ದಿನಾನ. ರಗತಾ ನಿಲ್ಲವಲ್ದಾಗಿತ್ತು. ಮನ್ಯಾಗ ಸ್ವಚ್ಛ ಅರಿವಿ ಅಂದ್ರ ಅದೊಂದ ಇತ್ತು, ಹರದ್ನಿ. ಅವತ್ತಿಂದ ಒಗದು ಒಗದು ಅದನ್ನ ಕಟ್ತೇನ್ರಿ."

ಶನಿವಾರ ಸಂಜೆಯ ಕಡೆಯ ಲಾರಿ. ಅಣ್ಣತಮ್ಮ ಮರುದಿನದ ಮ್ಯಾಚಿನ ಮಾತಾಡಿಕೊಳ್ಳುತ್ತ ಹಂಚು ತುಂಬುತ್ತಿದ್ದರು. ಬೀರಣ್ಣ ಎಂದಿನಂತೆ ಎತ್ತಲೋ ನೋಡುತ್ತ ಕೈ ಚಾಚಿದ್ದ. ಭರಮಣ್ಣನ ಮಣಿಕಟ್ಟು ತಾನೇ ತಿರುಗಿತು. ಎರಡು ಹಂಚೂ ಗಾಳಿಯಲ್ಲಿ ಹೊರಳಿ, ಅಂಚು ಮುಂದಾಗಿ ಬಂದವು. ಮೂರು ಬೆರಳಿನ ನರ ಕತ್ತರಿಸಿತ್ತು. ಹೊಲಿಗೆ ಹಾಕಿದ ಡಾಕ್ಟರು ಬೆರಳು ಉಳಿದಾವು, ಮಡಚಲಾರವು ಎಂದಿದ್ದರು.

ಜೇಬಿನಲ್ಲಿ ನೋಟೀಸು ಇತ್ತು.

ಬೀರಣ್ಣನೇ ನಕ್ಕ. "ಸಾಹೇಬ್ರ, ಅವತ್ತ ಕೊಡಿ ತಗೊಂಡ ಜಗಳಾ ಬಿಡ್ರೋ ಅಂತ ಬಂದಿದ್ರೆಲ್ಲ, ಮೂರು ವರ್ಷ ಜಲ್ದಿ ಬಂದ್ರಿ ನೋಡ್ರಿ."

ಯಾರೂ ನಗಲಿಲ್ಲ. ಅವನು ದನಿ ತಗ್ಗಿಸಿದ. "ಖರೇ ಹೇಳ್ರಿ. ಅಂವಾ ಬಂದಿದ್ರ ವಿಕೆಟ್ ತಗೋತಿದ್ನಿಲ್ಲೋ?"

"ತಗೋತಿದ್ದ."

"ಎಷ್ಟ?"

"ನಾಲ್ಕೈದು."

"ನಾ ಅದನ್ನ ಅಂದೇನ್ರಿ ಅವಂಗ" ಎಂದು ಹಿತ್ತಿಲ ಕಡೆ ಮುಖ ಮಾಡಿದ. "ಅಂವಾ ಕೇಳಂಗಿಲ್ಲ. ಉಣ್ಣಾಕೂ ನನ್ನ ಬಾಜೂಕ ಕುಂದ್ರವಲ್ಲ."

ಹಿತ್ತಿಲ ಬಾಗಿಲಲ್ಲಿ ಭರಮಣ್ಣ ನಿಂತಿದ್ದ. ಬಲಗೈಯನ್ನು ಬಗಲಲ್ಲಿ ಒತ್ತಿ ಹಿಡಿದುಕೊಂಡಿದ್ದ, ಪೆಟ್ಟು ಬಿದ್ದದ್ದು ಅವನಿಗೇ ಎಂಬಂತೆ. ನನ್ನನ್ನು ನೋಡಿ, "ಕಾರ್ಡ್ ಬರೀಲಿಲ್ಲರಿ, ತಪ್ಪಾತು" ಎಂದ. ನನ್ನ ನೋಟೀಸಿಗೆ ಬಂದ ಉತ್ತರ ಅದು. ಅದಕ್ಕೆ ಆವಕು ನಂಬರು ಹಾಕಿ ದಫ್ತರಿಗೆ ಸೇರಿಸಲು ನನ್ನಿಂದ ಆಗಲಿಲ್ಲ.

ಬೀರಣ್ಣನಿಗೆ ಮುಂದೆ ಒಂದು ಕಟ್ಟಿಗೆ ಅಡ್ಡೆಯ ಗೇಟು ಕಾಯುವ ಕೆಲಸ ಸಿಕ್ಕಿತು. ಭರಮಣ್ಣ ಮತ್ತೆ ಲಾರಿಯ ಬಳಿ ಹೋಗಲಿಲ್ಲ. ಭಟ್ಟಿಯಿಂದ ಹೊರಗೆ ಬಂದ ಹಂಚನ್ನು ಬೆರಳಗಂಟಿನಿಂದ ಬಡಿದು, ದನಿ ಕೇಳಿ, ಬಿರುಕು ಬಿಟ್ಟದ್ದನ್ನು ಬೇರೆ ಇಡುವ ಕೆಲಸ ಕೇಳಿ ತೆಗೆದುಕೊಂಡ. ನೆಲದ ಮೇಲಿನಿಂದ ಎತ್ತಿ ನೆಲದ ಮೇಲೇ ಇಡುವ ಕೆಲಸ. ನಡುವೆ ಇನ್ನೊಬ್ಬರ ಕೈ ಇಲ್ಲ.

1987ರಲ್ಲಿ ನಮ್ಮ ಮಂಡಳಕ್ಕೆ ಇಪ್ಪತ್ತೈದು ತುಂಬಿತು. ಹಳೆಯ ಆಟಗಾರರಿಗೆಲ್ಲ ಒಂದೊಂದು ಹೊಸ ಚೆಂಡು ಕೊಡುವುದೆಂದು ಠರಾವಾಯಿತು. ಭರಮಣ್ಣ ನಮ್ಮ ಲೆಕ್ಕದಲ್ಲಿ ಒಂದು ಮ್ಯಾಚೂ ಆಡದವನು. ಆದರೂ ಅವನ ಹೆಸರು ಬರೆದೆ, ಹಿದಾಯತುಲ್ಲಾ ಅದರ ಮುಂದೆ ತಾನೇ ಸಹಿ ಹಾಕಿದ. ಚೆಂಡು ತೆಗೆದುಕೊಂಡು ಖಾನಾಪುರಕ್ಕೆ ಹೋದೆ.

ಕಾರ್ಖಾನೆಯ ನೆರಳಲ್ಲಿ ಭರಮಣ್ಣ ಹಂಚಿನ ಸಾಲಿನೆದುರು ಕುಳಿತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. ಚಹಾ ತರಿಸಿದ. ಬಂದ ಗ್ಲಾಸನ್ನು ನನ್ನ ಕೈಗೆ ಕೊಡಲಿಲ್ಲ. ನನ್ನ ಮುಂದೆ ನೆಲದ ಮೇಲಿಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ಆಮೇಲೆ "ತಗೋರಿ" ಎಂದ. ಎಲ್ಲರಿಗೂ ಹಾಗೆಯೇ ಎಂದು ಬಾಜೂಕಿದ್ದ ಹೆಂಗಸು ಹೇಳಿದಳು. ಅಣ್ಣನ ಮಗಳ ಲಗ್ನದಲ್ಲೂ ತಾಂಬೂಲವನ್ನು ಚಾಪೆಯ ಮೇಲಿಟ್ಟೇ ಕೊಟ್ಟನಂತೆ.

ಹದಿನೈದು ವರ್ಷ ಕಾರ್ಯದರ್ಶಿಯಾಗಿ ಭಾಷಣ ಮಾಡಿದ ನನಗೆ ಆಗ ಒಂದು ಮಾತೂ ಹೊಳೆಯಲಿಲ್ಲ. ಮಾತು ಹೊಳೆಯದಾಗ ಮಾಡಬಾರದ್ದನ್ನು ಮಾಡುವುದು ನನ್ನ ಹಳೆಯ ಚಟ. ಚೀಲದಿಂದ ಕೆಂಪು ಚೆಂಡು ತೆಗೆದು, "ಭರಮಣ್ಣಾ, ತಗೋ!" ಎಂದು ಮೆಲ್ಲಗೆ ಅವನ ಕಡೆ ಒಗೆದೆ.

ಅವನು ಕೈ ಎತ್ತಲಿಲ್ಲ. ಚೆಂಡು ಎದೆಗೆ ತಾಗಿ ಕೆಳಗೆ ಬಿದ್ದು, ಹಂಚಿನ ಸಾಲಿನವರೆಗೆ ಉರುಳಿ ನಿಂತಿತು.

"ಯಾಕೋ, ಹಿಡೀಲಿಲ್ಲ?" ಎಂದೆ.

"ಹಿಡಿಯೂದು ಬೀರಣ್ಣನ ಕೆಲಸ ಇತ್ರಿ."