ಬರಿ ಅನ್ನದ ಮೊದಲ ತುತ್ತು

ಮೊನ್ನೆ ಆಲೂಗಡ್ಡೆ ಹೆಚ್ಚುವಾಗ ಬೆರಳು ಕೊಯ್ದುಕೊಂಡೆ. ಗಾಯಕ್ಕೆ ಹಚ್ಚಿದ ಅಯೋಡಿನ್‌ನ ಒಂದು ಹನಿ ಹೋಳಿನ ಮೇಲೆ ಬಿತ್ತು. ನೋಡುತ್ತಿದ್ದಂತೆ ಹೋಳು ಕಪ್ಪುನೀಲಿಗೆ ತಿರುಗಿತು. ಆ ವಾಸನೆ, ಆ ಬಣ್ಣ... ರಾಮದಾಸಪೇಠ್‌ನ ನನ್ನ ಬಾಡಿಗೆ ಕೋಣೆಗೆ ನಾನು ಬೆಳೆದ ಮಹಾಲ್ ಬಡಾವಣೆಯ ಕೆಳಮನೆ ಕಾಕಾ ಬಂದು ಕೂತಂತಾಯಿತು.

ಸ್ವಂತ ಕಾಕಾ ಅಲ್ಲ. ಗದಗಿನ ಕಡೆಯವರು, ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಒಬ್ಬರೇ ಇದ್ದರು. ಅಪ್ಪ ಅಮ್ಮ ಬ್ಯಾಂಕಿನಿಂದ ಬರುವುದು ತಡವಾಗುತ್ತಿದ್ದುದರಿಂದ ಶಾಲೆ ಬಿಟ್ಟ ಮೇಲೆ ನನ್ನ ಊಟ ಅವರಲ್ಲೇ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಅಮಲನ್ನು ನಾನು ಆ ತಟ್ಟೆಯ ತನಕವೂ ತರುತ್ತಿದ್ದೆ.

ಒಂದು ದಿನ ಅವರು, "ಬರೇ ಅನ್ನ ಬಾಯಾಗ ಇಟ್ಕೋ. ಅಗಿ. ನುಂಗಬ್ಯಾಡ" ಎಂದರು. ತುಸು ಹೊತ್ತಿಗೆ, "ಸಿಹಿ ಬಂತೇನ?"

ಬಂದಿತ್ತು. ಒಪ್ಪುವುದುಂಟೇ?

"ಸಿಹಿ ಬಂತೇನ ಅಂತ ಕೇಳಿದ್ರ ಸಿಹೀನ ಅನಸ್ತದ, ಕಾಕಾ. ಇಂಥಾ ಸಬೂತ್ ಕೋರ್ಟಿನಾಗ ನಡಿಯೂದಿಲ್ಲ."

"ಹೌದಲ್ಲ, ವಕೀಲಬಾಯಿ!" ಎಂದು ನಕ್ಕು, ಆರಿದ ಗಂಜಿತಿಳಿಯನ್ನು ಎರಡು ಲೋಟಕ್ಕೆ ಹಾಕಿದರು. ಒಂದಕ್ಕೆ ನನ್ನಿಂದಲೇ ಉಗುಳಿಸಿದರು. ಸ್ವಲ್ಪ ಹೊತ್ತು ಬಿಟ್ಟು ಎರಡಕ್ಕೂ ಅಯೋಡಿನ್. ಒಂದು ನೀಲಿಯಾಯಿತು, ನಾನು ಉಗುಳಿದ್ದು ಆಗಲಿಲ್ಲ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡರಿಸಿ ಸಕ್ಕರೆ ಮಾಡುತ್ತದೆ ಎಂದರು. ಆ ವಾದದಲ್ಲಿ ಸೋತೆ, ಖುಷಿಯಾಗಿಯೇ.

ಕೆಲವು ವರ್ಷಗಳ ನಂತರ ಅವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ರೇಡಿಯೇಶನ್‌ಗೆ ರೋಗ ಹಿಂದೆ ಸರಿಯಿತು, ಜೊತೆಗೆ ಜೊಲ್ಲೂ ಬತ್ತಿತು. ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದಿದ್ದರಂತೆ ಡಾಕ್ಟರು. ನೀರು ಕುಡಿದು ಸಕ್ಕರೆ ಇಟ್ಟುಕೊಂಡರೆ ಸಿಹಿ ಹತ್ತುತ್ತಿತ್ತು. ಅದನ್ನು ನಾನೇ ಪರೀಕ್ಷಿಸಿದ್ದೆ. ಅನ್ನ ಮಾತ್ರ ಎಷ್ಟು ಅಗಿದರೂ ಅನ್ನವೇ. ಆದರೂ ದಿನಾ ಮೊದಲ ತುತ್ತು ಬರಿ ಅನ್ನ. ಕಣ್ಣು ಮುಚ್ಚಿ ಕಾಯುತ್ತಿದ್ದರು... ಆಮೇಲೆ ನೀರಿನ ಲೋಟಕ್ಕೆ ಕೈ ಚಾಚುತ್ತಿದ್ದರು.

ನೋಡಲಾರದೆ ವಾದ ಹೂಡಿದೆ. "ಜೊಲ್ಲಿನ ಕೆಲಸ ಹೊಟ್ಟಿ ಆಮ್ಲಕ್ಕ ಹೆಂಗೂ ನಿಂತು ಹೋಗ್ತದ. ಮುಂದ ಸಣ್ಣ ಕರುಳಿನಾಗ ಪ್ಯಾಂಕ್ರಿಯಾಸ್ ರಸ ಎಲ್ಲಾ ಪೂರಾ ಮಾಡ್ತದ. ಅನ್ನ ಪಚನ ಆಗೇ ಆಗ್ತದ. ನಿಮಗೇನೂ ಕಡಿಮಿ ಆಗಿಲ್ಲ, ಕಾಕಾ."

"ಬರೋಬರ್," ಎಂದರು. "ಹೊಟ್ಟಿಗೆ ಗೊತ್ತಾಗ್ತದ. ನನಗ ಗೊತ್ತಾಗೂದಿಲ್ಲ."

 

ನನ್ನ ತಟ್ಟೆಯತ್ತ ನೋಡಿದರು. "ನೀ ಅಗಿ. ಬಂದ್ರ ಹೇಳು."

ಅದೇ ರೂಢಿಯಾಯಿತು. ಎದುರುಬದುರು ಕೂತು ಅಗಿಯುತ್ತಿದ್ದೆವು. ಬಾಯಿ ತುಂಬಿರುತ್ತಿದ್ದುದರಿಂದ ಸಿಹಿ ಬಂದಾಗ ನಾನು ಬೆರಳೆತ್ತುತ್ತಿದ್ದೆ. ಅಲ್ಲಿಯವರೆಗೆ ಕಾದು, ಆಮೇಲೆ ಅವರು ನುಂಗುತ್ತಿದ್ದರು. ಅವರ ಜೊಲ್ಲು ಮರಳಲಿಲ್ಲ. ರೋಗ ಮರಳಿತು. ಕೆಳಮನೆಗೆ ಬೇರೆಯವರು ಬಂದರು.

ಮೊನ್ನೆ ಆ ಹೋಳನ್ನು ಬಿಸಾಡಿ ಊಟಕ್ಕೆ ಕೂತೆ. ಮೊದಲ ತುತ್ತು ಬರಿ ಅನ್ನ. ಅಗಿದೆ, ಕಾದೆ... ಬಂತು. ಪಟ್ಟಿ ಕಟ್ಟಿದ ಬೆರಳು ತಾನಾಗಿ ಮೇಲೆದ್ದಿತು.

ಎದುರಿಗೆ ಗೋಡೆಯಿತ್ತು. ತುಂಬ ಹೊತ್ತು ನುಂಗದೆ ಕೂತಿದ್ದೆ.