ಐದು ಕಲ್ಲಿನ ಗುರುತು

ಭಾರ್ಗವಿಯನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲ ದಿನವೇ ಆಗಲಿಲ್ಲ, ಈಗಂತೂ ಅವಳ ಹೆಸರೆತ್ತಿದರೆ ಮೈ ಉರಿಯುತ್ತದೆ. ಆದರೂ ಅವಳ ಬಗ್ಗೆ ಬರೆಯಲು ಕೂತಿದ್ದೇನೆ, ಏಕೆಂದರೆ ಹಿಂದೊಮ್ಮೆ ಬರೆದದ್ದು ಸುಳ್ಳು.

ಮೈಸೂರಿನ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಪಾಠ ಮಾಡುತ್ತಿದ್ದವಳು. ಗಂಡನ ಕೆಲಸಕ್ಕೆಂದು ನ್ಯೂಜಿಲೆಂಡಿಗೆ ಬಂದಳು. ಗಂಡ ಊರಿಗೆ ವಾಪಸಾದ, ಇವಳು ದಕ್ಷಿಣ ದ್ವೀಪದ ಹಿಮನದಿಯ ಪಾರ್ಕೊಂದರಲ್ಲಿ ಕಾಲುದಾರಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಐವತ್ತೆರಡು ವರ್ಷ, ಬಾಡಿಗೆಯ ಒಂದೇ ಕೋಣೆ, ಬಿಸಿಲಿಗೆ ಸುಟ್ಟ ಮೂಗು, ಮುಖಕ್ಕೆ ಹೊಡೆದಂತೆ ಮಾತು.

ಕ್ರಿಸ್‌ಮಸ್ ರಜೆಗೆ, ಆಗ ವಾಸವಿದ್ದ ಮೌಂಟ್ ರಾಸ್ಕಿಲ್‌ನಿಂದ ನಾವು ಮೂರು ಕನ್ನಡ ಸಂಸಾರ ಆ ಪಾರ್ಕಿಗೆ ಹೋದಾಗ ಅವಳೇ ಕರೆದುಕೊಂಡು ಹೊರಟಳು. ಒಂದು ಕಾಲಕ್ಕೆ ಕಣಿವೆ ತುಂಬ ಹಿಮಗಡ್ಡೆಯೇ ಇತ್ತಂತೆ. ಅದು ಜರುಗುತ್ತ ಬೆಟ್ಟಗಳನ್ನೇ ಉಜ್ಜಿ ಕಣಿವೆ ಕೊರೆಯಿತಂತೆ. ನಾವು ನಿಂತ ಕಲ್ಲುಗುಡ್ಡೆ ಅದು ತಂದು ಸುರಿದ ರಾಶಿ. ಕೆಳಗಿನ ಬೂದು ಸರೋವರ ನಮ್ಮ ಅಜ್ಜಿಯರ ಕಾಲದಲ್ಲಿ ಇರಲೇ ಇಲ್ಲ. ಈಗ ಹಿಮ ಕರಗಿ ಹಿಂದೆ ಸರಿದಂತೆ ಆಸರೆ ತಪ್ಪಿದ ಗುಡ್ಡೆ ಪ್ರತಿ ಮಳೆಗೂ ಕುಸಿಯುತ್ತದೆ. ಅದಕ್ಕೇ ಅವಳು ದಾರಿಯನ್ನು ಒಳಕ್ಕೆ ಸರಿಸುತ್ತ, ಐದೈದು ಕಲ್ಲು ಪೇರಿಸಿ ಗುರುತು ಇಡುತ್ತಾಳೆ. ಇಷ್ಟನ್ನೂ ದಡ್ಡ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು.

ನಾನು ಅಂಚಿನ ಹತ್ತಿರ ಐದು ಕಲ್ಲು ಪೇರಿಸಿದೆ. ನಮ್ಮ ಕಡೆ ಬೆಟ್ಟ ಹತ್ತಿದವರು ಕಲ್ಲಿನ ಮೇಲೆ ಕಲ್ಲಿಟ್ಟು ಸ್ವಂತ ಮನೆಯಾಗಲಿ ಎಂದು ಬೇಡಿಕೊಳ್ಳುತ್ತಾರೆ. ಅದು ಅವಳಿಗೂ ಗೊತ್ತು. ಆದರೂ ಎಲ್ಲರ ಎದುರು ಬೂಟುಗಾಲಿನಲ್ಲಿ ಒದ್ದು ಬೀಳಿಸಿದಳು.

"ಇಲ್ಲಿ ಕಲ್ಲು ಅಂದ್ರೆ ದಾರಿ. ಮನೆ ಬೇಕಿದ್ರೆ ಬ್ಯಾಂಕಿಗೆ ಹೋಗಿ."

ಎಲ್ಲರೂ ನಕ್ಕರು, ನನ್ನ ಗಂಡ ಪದ್ಮನಾಭನೂ. ಹನ್ನೊಂದು ವರ್ಷದಿಂದ ಬಾಡಿಗೆ ಮನೆಗಳಲ್ಲಿ ಸಾಮಾನು ಕಟ್ಟಿ ಬಿಚ್ಚಿ ಸಾಕಾಗಿದ್ದ ನನಗೆ ನಗು ಬರಲಿಲ್ಲ. ಎಲ್ಲರೂ ಮುಂದೆ ಹೋದ ಮೇಲೆ ಅದೇ ಐದು ಕಲ್ಲನ್ನು ಅಲ್ಲೇ ಮತ್ತೆ ಪೇರಿಸಿದೆ. ಬರೀ ಹಠಕ್ಕೆ.

ಮರುದಿನ ಬೆಳಿಗ್ಗೆ ದಟ್ಟ ಮಂಜು. ಫೋಟೋ ತೆಗೆಯುತ್ತೇನೆಂದು ಪದ್ಮನಾಭ ಒಬ್ಬನೇ ಹೋದ. ಅಂಚು ಕುಸಿದು ಕೆಳಗೆ ಬಿದ್ದ. ಹಗ್ಗ ಕಟ್ಟಿಕೊಂಡು ಇಳಿದು ಮೇಲೆ ತಂದವಳು ಭಾರ್ಗವಿ. ಕಾಲು ಎರಡು ಕಡೆ ಮುರಿದಿತ್ತು. ಅವಳ ಗುರುತು ನಂಬಿಯೇ ಬಂದೆ, ಐದು ಕಲ್ಲಿತ್ತು ಎಂದು ಅವನು ಬೈಯುತ್ತಲೇ ಇದ್ದ.

ಅವಳು ನನ್ನತ್ತ ತಿರುಗಿದಳು. "ಚಂದ್ರಿಕಾ, ನೀವೇ ಹೇಳಿ."

ನಾನು ಅವನ ಬೂಟಿನ ಲೇಸ್ ಬಿಚ್ಚುತ್ತ ಕೂತೆ.

ದೂರು ಕೊಡಲೇಬೇಕೆಂದ ಪದ್ಮನಾಭ. ಭಾರ್ಗವಿ ಅಂಚಿನಲ್ಲೇ ತಪ್ಪು ಗುರುತು ಇಟ್ಟಿದ್ದಳೆಂದು ಪಾರ್ಕಿನವರಿಗೆ ಬರೆದವಳು ನಾನು, ಅವನು ಓದದೆ ಸಹಿ ಹಾಕಿದ. ಮನೆಗಾಗಿ ಹರಕೆ ಹೊತ್ತವರು ಯಾರೋ ಪೇರಿಸಿರಬೇಕು ಎಂದಷ್ಟೇ ಭಾರ್ಗವಿ ವಿವರಣೆ ಕೊಟ್ಟಿದ್ದಳು, ನನ್ನ ಹೆಸರು ಎತ್ತಿರಲಿಲ್ಲ. ಇದು ನಿಜವೇ ಎಂದು ಪಾರ್ಕಿನವರು ನಮ್ಮನ್ನು ಕೇಳಿದರು. ನಮ್ಮಲ್ಲಿ ಅಂಥ ಪದ್ಧತಿಯೇ ಇಲ್ಲವೆಂದು ಉತ್ತರ ಬರೆದೆ. ಅವಳ ಕೆಲಸ ಹೋಯಿತು.

ನನ್ನ ಹೆಸರನ್ನಾದರೂ ಹೇಳಬಾರದಿತ್ತೇ? ಹೇಳಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಆ ಸುಮ್ಮನಿರುವಿಕೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕಳೆದ ತಿಂಗಳು ಹೆಂಡರ್ಸನ್‌ನಲ್ಲಿ ನಮ್ಮ ಸ್ವಂತ ಮನೆಯ ಗೃಹಪ್ರವೇಶವಾಯಿತು. ಹೊಸ ಒಲೆಯ ಮೇಲೆ ಹಾಲು ಉಕ್ಕುವಾಗ ಪದ್ಮನಾಭ ಕುಂಟುತ್ತ ಬಂದು, ನೆರೆದವರಿಗೆಲ್ಲ ಕೇಳುವಂತೆ ಅಂದ: "ಆ ಹೆಂಗಸು ಒದ್ರೂ ನಮ್ಮ ಚಂದ್ರಿಕಾ ಇಟ್ಟ ಕಲ್ಲು ಫಲ ಕೊಡ್ತು ನೋಡಿ."

ಎಲ್ಲರೂ ನಕ್ಕರು. ಈ ಸಲ ನಾನೂ ನಕ್ಕೆ.