ಹೇಮಶ್ರೀ ತೆರೆಯದ ಫೋಲ್ಡರು

ಬೀರೂರಿನ ಹೇಮಶ್ರೀ ಕಂಪ್ಯೂಟರ್ ರಿಪೇರಿಗೆ ಹೊರಟಳೆಂದರೆ ಹೆಗಲ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್, ಧೂಳು ಊದುವ ಬ್ಲೋವರ್, ಮೆತ್ತನೆಯ ಬ್ರಷ್ಷು, ಒಂದೆರಡು ಹೊಸ ಡಿಸ್ಕು ಇರುತ್ತವೆ. ಜೊತೆಗೆ ಎರಡು ವರ್ಷದ ಮಗಳು ಕಣ್ತಪ್ಪಿಸಿ ತುರುಕಿದ ಚಮಚವೋ ಗೊಂಬೆಯ ಕಾಲೋ ಇದ್ದೇ ಇರುತ್ತದೆ. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ರೈಲ್ವೆಯಲ್ಲಿ ಕೆಲಸ ಮಾಡುವ ಗಂಡ ಹೊನ್ನೇಶನಿಗೆ ಬುತ್ತಿ ಕಟ್ಟಿಕೊಟ್ಟು ಅವಳು ಸೋಮವಾರ ಕಡೂರಿಗೆ, ಬುಧವಾರ ತರೀಕೆರೆಗೆ, ಶುಕ್ರವಾರ ಅಜ್ಜಂಪುರಕ್ಕೆ ಹೋಗುತ್ತಾಳೆ.

ಕಡೂರಿನ ಕೊಬ್ಬರಿ ಮಂಡಿಗಳ ಕಂಪ್ಯೂಟರ್ ಬಿಚ್ಚಿದರೆ ತೆಂಗಿನ ನಾರಿನ ಪುಡಿ ಫ್ಯಾನಿಗೆ ಗೂಡು ಕಟ್ಟಿರುತ್ತದೆ. ಅಜ್ಜಂಪುರದಲ್ಲಿ ನಿವೃತ್ತ ಮೇಷ್ಟ್ರು ರಾಜಶೇಖರ್ ಅವರದು ಬೇರೆಯೇ ಕಾಯಿಲೆ.

“ಇದೇನ್ ಸಾರ್, ಪಾಸ್‌ವರ್ಡ್‌ನ ಗೋಡೆ ಕ್ಯಾಲೆಂಡರ್ ಮೇಲೆ ಬರ್ದಿದೀರಲ್ಲ?”

“ಮರ್ತೋಗುತ್ತೆ ಕಣಮ್ಮ.”

“ಮರೆಯಕ್ಕೇನಿದೆ? ನಿಮ್ಮನೆ ದೇವ್ರ ಹೆಸ್ರು, ಮುಂದೆ ಒಂದು ಎರಡು ಮೂರು. ಹಾಲು ಹಾಕೋನಿಗೂ ಗೊತ್ತು ನಿಮ್ಮನೆ ದೇವ್ರು ಯಾರು ಅಂತ.”

“ದೇವ್ರ ಹೆಸ್ರಿದ್ರೆ ಕಾಯ್ತಾನೆ ಅಲ್ವೇನಮ್ಮ?”

“ಕಾಯ್ತಾನೆ ಸಾರ್. ಬಾಗ್ಲು ನಾವೇ ತಗ್ದಿಟ್ರೆ ಅವನೇನ್ ಮಾಡ್ತಾನೆ?”

ಮೇಷ್ಟ್ರು ಬೊಚ್ಚುಬಾಯಿ ತೆರೆದು ನಕ್ಕರು. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಪದಗಳನ್ನು ಪೋಣಿಸಿ ಹೊಸ ಪಾಸ್‌ವರ್ಡ್ ಮಾಡಿಕೊಳ್ಳಲು ಹೇಳಿ, ಅವರು ಟೈಪ್ ಮಾಡುವಾಗ ಹೇಮಶ್ರೀ ಕಿಟಕಿಯತ್ತ ತಿರುಗಿ ನಿಂತಳು. ಅದು ಅವಳ ಕ್ರಮ. ಯಾರ ಕಂಪ್ಯೂಟರ್ ಮುಟ್ಟಿದರೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ. ಯಾರ ಫೋಟೊ, ಪತ್ರ, ಫೋಲ್ಡರನ್ನೂ ತೆರೆಯುವುದಿಲ್ಲ. “ನೀವೇನ್ ಕದ್ಕೊಂಡ್ ಹೋಗ್ತೀರಾ ಬಿಡ್ರೀ” ಎಂದು ಜನ ನಕ್ಕರೆ ತಾನೂ ನಗುತ್ತಾಳೆ. ಹಾಗೇಕೆ ಎಂಬುದು ಹೊನ್ನೇಶನಿಗೆ ಮಾತ್ರ ಗೊತ್ತು.

ಏಳು ವರ್ಷದ ಹಿಂದಿನ ಮಾತು. ಆಗ ಹೇಮಶ್ರೀಗೆ ಮದುವೆಯಾಗಿರಲಿಲ್ಲ. ಕಡೂರಿನ ತವರಿನಲ್ಲಿ ನಡುಮನೆಯ ಮೂಲೆಗೆ ಒಂದು ಕಂಪ್ಯೂಟರ್ ಬಂದಿತ್ತು. ಕೋರ್ಸು ಮುಗಿಸಿದ ಹುರುಪಿನಲ್ಲಿ ಅವಳೇ ಅದರ ಯಜಮಾನಿ. ತಂಗಿ ಅಕ್ಷತಾ ದಿನವೂ ತನ್ನ ಮೇಲ್ ನೋಡಲು ಬಂದು ಕೂತು ಪಾಸ್‌ವರ್ಡ್ ತಪ್ಪಾಗಿ ಹೊಡೆದು ಗೊಣಗುತ್ತಿದ್ದಳು. ಒಂದು ಸಂಜೆ ಪರದೆಯ ಮೇಲೆ, ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ ಎಂಬ ಪ್ರಶ್ನೆ ಬಂತು. ತಂಗಿಗೆ ಸಲೀಸಾಗಲಿ ಎಂದು ಹೇಮಶ್ರೀ ಹೂಂ ಎಂದು ಒತ್ತಿದಳು. ಅಕ್ಷತಾಗೆ ಅದನ್ನು ಹೇಳಲೂ ಇಲ್ಲ.

ಅವರಪ್ಪ ಲಕ್ಷ್ಮಣಪ್ಪ ಬೆಳಿಗ್ಗೆ ಎದ್ದ ಕೂಡಲೇ ಕೊಬ್ಬರಿ ರೇಟು ನೋಡಲು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಮಾರನೆಯ ದಿನವೂ ಕೂತರು. ಎಲ್ಲೋ ಒತ್ತಿದರು, ಕಿರಿಮಗಳ ಮೇಲ್ ತಾನಾಗಿ ತೆರೆದುಕೊಂಡಿತು. ಕೆಂಪರಾಜು ಎಂಬ ಹುಡುಗ ಬರೆದ ಪತ್ರಗಳನ್ನು ಅವರು ಒಂದೊಂದಾಗಿ ಓದಿದರು. ಆ ಹೊತ್ತು ಮನೆಯಲ್ಲಿ ಒಲೆ ಹತ್ತಲಿಲ್ಲ. ಅಪ್ಪನ ಬಾಯಿಂದ ಬರಬಾರದ ಮಾತೆಲ್ಲ ಬಂತು. ನಾಲ್ಕನೇ ದಿನ ಅಕ್ಷತಾ ಒಂದು ಬ್ಯಾಗು ಹಿಡಿದು ಹೊರಟಳು. ಹೊಸಲು ದಾಟುವಾಗ ಅಕ್ಕನ ಕಡೆ ನೋಡಿ, “ನೀನೇ ತೋರ್ಸ್ದೆ ಅಲ್ವಾ?” ಎಂದಳು. ಹೇಮಶ್ರೀ ಬಾಯಿ ತೆರೆಯುವಷ್ಟರಲ್ಲಿ ತಂಗಿ ಬೀದಿ ತಿರುವು ದಾಟಿಬಿಟ್ಟಿದ್ದಳು.

ಅಪ್ಪನ ಸಿಟ್ಟು ವರ್ಷದೊಳಗೆ ತಣ್ಣಗಾಯಿತು. ಅಮ್ಮ ಹಾಲಮ್ಮ ಸಿಕ್ಕವರನ್ನೆಲ್ಲ ವಿಚಾರಿಸಿ ಸುಮ್ಮನಾದಳು. ಅಕ್ಷತಾಳ ನಂಬರು ಬದಲಾಗಿತ್ತು, ಊರು ಗೊತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಯಾರನ್ನು ಹೇಗೆ ಹುಡುಕಬೇಕೆಂದು ಹೇಮಶ್ರೀಗೆ ಬೇರೆಯವರು ಕಲಿಸಬೇಕಾಗಿರಲಿಲ್ಲ. ಎಷ್ಟೋ ಸಲ ತಂಗಿಯ ಹೆಸರು ಟೈಪ್ ಮಾಡಿ, ಹುಡುಕು ಎಂದು ಒತ್ತುವ ಮೊದಲೇ ಒಂದೊಂದೇ ಅಕ್ಷರ ಅಳಿಸಿದ್ದಾಳೆ. ರೈಲಿನಲ್ಲಿ ಅಕ್ಷತಾಳ ಹಾಗೆ ಎರಡು ಜಡೆ ಹಾಕಿದ ಹೆಂಗಸರು ಯಾರಾದರೂ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರೆ, ಮುಖ ಕಾಣುವ ತನಕ ಅವಳಿಗೆ ಇಳಿಯಬೇಕಾದ ಸ್ಟೇಷನ್ನೂ ಮರೆಯುತ್ತದೆ. ಮಗಳು ಹುಟ್ಟಿದ ದಿನ, ನರ್ಸು ಮಗುವನ್ನು ಕೈಗೆ ಕೊಟ್ಟಾಗ, ಮೂಗು ಥೇಟ್ ಅಕ್ಷತಾದು ಎನ್ನಿಸಿತು. ಹೇಳೋಣವೆಂದರೆ ಅಕ್ಷತಾ ಎಲ್ಲಿ?

ಕಳೆದ ಬುಧವಾರ ತರೀಕೆರೆಯ ಫೋಟೊ ಸ್ಟುಡಿಯೋದಿಂದ ಕರೆ ಬಂತು. ಮಾಲೀಕ ಗುರುಮೂರ್ತಿಯವರ ಕಂಪ್ಯೂಟರ್ ಅರ್ಧ ಗಂಟೆಗೊಮ್ಮೆ ತಾನೇ ಆರಿಹೋಗುತ್ತಿತ್ತು. ಹೇಮಶ್ರೀ ಡಬ್ಬಿ ಬಿಚ್ಚಿದಳು. ಫ್ಯಾನಿನ ರೆಕ್ಕೆಗಳಿಗೆಲ್ಲ ಬೆಳ್ಳನೆಯ ಬೂದಿ ಮೆತ್ತಿತ್ತು.

“ಅಣ್ಣಾ, ಇದು ವಿಭೂತಿ ಅಲ್ವಾ?”

“ಹೂಂ ಕಣಮ್ಮ. ದಿನಾ ಪೂಜೆ ಆದ್ಮೇಲೆ ಮೂರು ಪಟ್ಟೆ ಎಳೀತೀನಿ. ಅನ್ನ ಕೊಡೋ ಮಿಷೀನು.”

“ಹಣೆಗೆ ಎಳೀರಿ ಅಣ್ಣ, ಮೂಗಿಗೆ ಎಳೆದ್ರೆ ಉಸ್ರು ಕಟ್ಟುತ್ತೆ. ಈ ತೂತಿಂದ್ಲೇ ಅದು ಗಾಳಿ ತಗಳದು.”

“ಅಯ್ಯೋ ಶಿವನೇ! ಹತ್ ವರ್ಷದಿಂದ ಮೂಗಿಗೇ ಹಚ್ತಿದೀನಲ್ಲೇ!”

ಬಾಗಿಲಾಚೆ ಕೂತು ಅವಳು ಬೂದಿ ಊದಿ ತೆಗೆದಳು. ಆದರೆ ಬಿಸಿಗೆ ಬೆಂದು ಬೆಂದು ಡಿಸ್ಕು ಕೈಕೊಡುವುದರಲ್ಲಿತ್ತು. ಒಳಗಿಂದ ಟಿಕ್ ಟಿಕ್ ಸದ್ದು. ಬೇರೆ ಕಡೆ ನಕಲು ಇಟ್ಟಿದ್ದೀರಾ ಎಂದರೆ ಗುರುಮೂರ್ತಿ ತಲೆ ಕೆರೆದುಕೊಂಡರು. ಹತ್ತು ವರ್ಷದ ಮದುವೆ, ಸೀಮಂತ, ತೊಟ್ಟಿಲು ಶಾಸ್ತ್ರವೆಲ್ಲ ಅದೊಂದರಲ್ಲೇ ಇದ್ದವು. ಹೇಮಶ್ರೀ ಹೊಸ ಡಿಸ್ಕು ಜೋಡಿಸಿ ನಕಲಿಗೆ ಹಾಕಿ, ಗುರುಮೂರ್ತಿಯವರನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಫೋಲ್ಡರುಗಳ ಹೆಸರು ಪರದೆಯ ಮೇಲೆ ಒಂದರ ಹಿಂದೊಂದು ಮೂಡಿ ಹೋಗುತ್ತಿದ್ದವು. ಒಂದು ಕಡೆ ಪಟ್ಟಿ ನಿಂತಿತು. ಡಿಸ್ಕು ತಡವರಿಸಿತು.

“ಅಕ್ಷತಾ ಕೆಂಪರಾಜು ತೊಟ್ಟಿಲು.”

ಹೇಮಶ್ರೀಯ ಕೈ ಮೌಸಿನ ಮೇಲಿತ್ತು. ಎರಡು ಸಲ ಒತ್ತಿದರೆ ಸಾಕು. ಏಳು ವರ್ಷ ಕಾಣದ ಮುಖ, ಹಾಗೆಯೇ ಇದೆಯೋ, ಬಡವಾಗಿದೆಯೋ, ಮಗು ಗಂಡೋ ಹೆಣ್ಣೋ ಎಲ್ಲ ಅಲ್ಲೇ ಇತ್ತು. ಡಿಸ್ಕು ಟಿಕ್ ಎಂದಿತು. ಅವಳು ಕೈ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು.

“ಯಾಕಮ್ಮ, ಕೆಟ್ಟೋಯ್ತಾ?”

“ಇಲ್ಲಣ್ಣ. ಇದು ನನ್ ತಂಗಿ ಇರ್ಬೇಕು.” ಕಣ್ಣೊರೆಸಿಕೊಳ್ಳುತ್ತಾ ಅವಳು ನಡೆದದ್ದನ್ನು ಚುಟುಕಾಗಿ ಹೇಳಿದಳು.

ಗುರುಮೂರ್ತಿ ಎದ್ದೇ ಬಿಟ್ಟರು. “ಅದ್ಕೇನ್ ಅಳೋದು! ಹೋದ್ ತಿಂಗ್ಳು ಬಂದಿದ್ರು ಕಣೇ. ಆರ್ಡರ್ ಬುಕ್ಕಲ್ಲಿ ನಂಬರಿದೆ, ಅಡ್ರೆಸ್ಸಿದೆ. ಬರ್ಕೊ.”

ಅವರು ಬುಕ್ಕು ಬಿಚ್ಚಿ ಮುಂದಿಡುವಷ್ಟರಲ್ಲಿ ಹೇಮಶ್ರೀ ಅದರ ಮೇಲೆ ಅಂಗೈ ಊರಿದಳು. “ಬೇಡಣ್ಣ. ಅವ್ಳು ನಿಮಗ್ ಕೊಟ್ಟಿರೋದು ಫೋಟೊಗೆ. ನನಗೆ ಕೊಡಿ ಅಂತ ಅಲ್ಲ.”

“ಒಡಹುಟ್ಟಿದೋಳು ನೀನು!”

“ಒಡಹುಟ್ಟಿದೋಳೇ ಕಣಣ್ಣ ಅವತ್ತು ಕೇಳ್ದೆ ಬಾಗ್ಲು ತಗ್ದಿದ್ದು.” ಅವಳು ಬುಕ್ಕನ್ನು ಮುಚ್ಚಿ ಅವರ ಕಡೆ ತಳ್ಳಿದಳು. “ನೀವೇ ಒಂದ್ ಫೋನ್ ಮಾಡಿ. ಹೇಮಶ್ರೀ ಬಂದಿದ್ಲು, ಮಾತಾಡ್ತೀರಾ ಅಂತ ಕೇಳಿ. ಬ್ಯಾಡ ಅಂದ್ರೆ ಬಿಟ್ಬಿಡಿ.”

ಗುರುಮೂರ್ತಿ ಫೋನ್ ಹಿಡಿದು ಬಾಗಿಲಾಚೆ ಹೋದರು. ಹೇಮಶ್ರೀ ನಕಲಿನ ಪಟ್ಟಿ ನೋಡುತ್ತಾ ಕೂತಳು. ಮಾತು ಕೇಳಬಾರದೆಂದು ಬ್ಲೋವರ್ ಹಾಕಿ, ಆಗಲೇ ಶುದ್ಧವಾಗಿದ್ದ ಫ್ಯಾನನ್ನು ಮತ್ತೆ ಊದಿದಳು. ಗಾಜಿನಾಚೆ ಅವರ ತುಟಿ ಅಲುಗುತ್ತಿತ್ತು. ಅವರು ತಲೆಯಾಡಿಸಿದರು.

ಒಳಗೆ ಬಂದವರು ಫೋನನ್ನು ಮೇಜಿನ ಮೇಲಿಟ್ಟರು.

“ಏನಂದ್ಲಣ್ಣ?”

“ಮೊದ್ಲು, ನಂಬರ್ ಕೊಟ್ಬಿಟ್ರಾ ಅಂದ್ಲು. ಇಲ್ಲಮ್ಮ, ನಾನು ಕೊಡಕ್ ಹೋದೆ, ಅವ್ಳೇ ಈಸ್ಕೊಳ್ಲಿಲ್ಲ ಅಂದೆ. ನಿಜವಾಗ್ಲೂ ಈಸ್ಕೊಳ್ಲಿಲ್ವಾ ಅಂತ ಎರಡ್ ಸಲ ಕೇಳಿದ್ಲು.”

“ಮಾತಾಡ್ತಾಳಂತಾ?”

“ಈಗ ಬ್ಯಾಡ ಅಂದ್ಲಮ್ಮ. ತನ್ ನಂಬರೂ ಕೊಡ್ಬ್ಯಾಡಿ ಅಂದ್ಲು.” ಗುರುಮೂರ್ತಿ ಆರ್ಡರ್ ಬುಕ್ಕನ್ನು ಎತ್ತಿಟ್ಟರು. “ನಿನ್ ನಂಬರ್ ಬರೆಸ್ಕೊಂಡ್ಲು. ಆಮೇಲೆ, ಆಲ್ಬಮ್ಮಿಗೆ ಆರ್ಸಿದ್ರಲ್ಲಿ ಮೂವತ್ತೇಳನೇ ಫೋಟೊ ಅಕ್ಕಂಗೆ ತೋರ್ಸಿ, ಅದೊಂದೇ, ಅಂದ್ಲು.”

ಹೇಮಶ್ರೀ ಕುರ್ಚಿ ಬಿಟ್ಟು ಎದ್ದಳು. ಗುರುಮೂರ್ತಿ ಕೂತು ಹುಡುಕಿ ಆ ಒಂದನ್ನು ಮಾತ್ರ ತೆರೆದರು. ತೊಟ್ಟಿಲಲ್ಲಿ ಒಂದು ಹೆಣ್ಣು ಕೂಸು, ಕೆನ್ನೆಗೆ ದೃಷ್ಟಿಬೊಟ್ಟು, ಮುಷ್ಟಿ ಬಾಯಿಯಲ್ಲಿತ್ತು. ತೊಟ್ಟಿಲ ಅಂಚಿನ ಮೇಲೆ ತಾಯಿಯ ಕೈ ಇತ್ತು. ಮುಖ ಚೌಕಟ್ಟಿನಾಚೆ ಉಳಿದಿತ್ತು. ಕೂಸಿನ ಮೂಗು ನೋಡಿದ ಹೇಮಶ್ರೀ ನಕ್ಕಳು, ಮರುಗಳಿಗೆ ಸೆರಗು ಬಾಯಿಗೆ ಒತ್ತಿಕೊಂಡಳು.

“ಒಂದ್ ಪ್ರಿಂಟ್ ಹಾಕ್ಕೊಡ್ಲೇನಮ್ಮ? ಯಾರಿಗೂ ಹೇಳಲ್ಲ.”

ಬೇಕು ಎನ್ನಲು ಅವಳ ಮೈಯೆಲ್ಲ ಬಾಯಾಗಿತ್ತು. ಅಮ್ಮನಿಗೆ ತೋರಿಸಬಹುದಿತ್ತು. ಅಪ್ಪ ಒಬ್ಬರೇ ಇದ್ದಾಗ ಅವರ ಮುಂದೆ ಇಟ್ಟುಬರಬಹುದಿತ್ತು.

“ತೋರ್ಸಿ ಅಂದಿದಾಳಣ್ಣ. ಕೊಡಿ ಅಂದಿಲ್ಲ.”

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿದಳು. ಗುರುಮೂರ್ತಿಯೂ ಆತುರ ಮಾಡಲಿಲ್ಲ. ಆಮೇಲೆ ಅವಳೇ “ಮುಚ್ಚಿ” ಎಂದಳು. ಪರದೆಯ ಮೇಲೆ ನಕಲಿನ ಪಟ್ಟಿ ಮತ್ತೆ ಕಾಣಿಸಿತು. ಆ ಫೋಲ್ಡರಿನಲ್ಲಿ ಇನ್ನೂ ಹನ್ನೊಂದು ಫೋಟೊ ಹೊಸ ಡಿಸ್ಕಿಗೆ ದಾಟುವುದು ಬಾಕಿಯಿತ್ತು. ಹೇಮಶ್ರೀ ಬೀರೂರಿನ ರೈಲು ಹೋದರೆ ಹೋಗಲಿ ಎಂದು ಸ್ಟೂಲು ಎಳೆದುಕೊಂಡು ಕೂತಳು.